ಗುಟ್ಟಪ್ಪನವರ ಆಯುಧಪೂಜೆ

ಯಾರಾದರೂ "ನನ್ನ ಹತ್ರ ಒಂದು ಐಡಿಯಾ ಇದೆ" ಎಂದು ಬಾಯಿ ತೆರೆದರೆ ಸಾಕು, ಗುಟ್ಟಪ್ಪನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕೈಯಲ್ಲಿ ತಟ್ಟೆಯಿದ್ದರೆ ಅದನ್ನು ಪಕ್ಕದವರಿಗೆ ಕೊಟ್ಟು ಮುಚ್ಚಿಕೊಳ್ಳುತ್ತಿದ್ದರು. ಎಷ್ಟೋ ಸಲ ಆ ಪಕ್ಕದವಳು ನಾನೇ ಆಗಿರುತ್ತಿದ್ದೆ. ಒಂದು ಕೈಯಲ್ಲಿ ನನ್ನ ಬಿಸಿಬೇಳೆಬಾತು, ಇನ್ನೊಂದರಲ್ಲಿ ಅವರದು ಹಿಡಿದು ನಿಂತು, ಈ ಮನುಷ್ಯನಿಗೆ ಸಭ್ಯತೆ ಎಂಬುದು ಬೇಡವೇ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಎದುರಿಗಿದ್ದ ಹುಡುಗ ಪೆಚ್ಚಾಗಿ ಸುಮ್ಮನಾದ ಮೇಲೆ ಕೈ ಇಳಿಸಿ, ತಟ್ಟೆ ವಾಪಸು ಪಡೆದು, "ತಮ್ಮಾ, ಮೊದಲ ಫೈಲ್ ಮಾಡು. ಆಮ್ಯಾಲ ಊರಿಗೆಲ್ಲಾ ಡಂಗುರಾ ಹೊಡಿ" ಎನ್ನುತ್ತಿದ್ದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಅಮೆರಿಕದ ನಮ್ಮ ಬೇ ಏರಿಯಾದಲ್ಲಿ ಐಡಿಯಾ ಇಲ್ಲದವರೇ ಇರಲಿಲ್ಲ. ನಾಮಕರಣಕ್ಕೆ ಹೋದರೂ ಐಡಿಯಾ, ಸತ್ಯನಾರಾಯಣ ಪೂಜೆಗೆ ಹೋದರೂ ಐಡಿಯಾ. ಲಿವರ್‌ಮೋರ್ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ನನ್ನ ಹಿಂದೆ ಇಬ್ಬರು ವೆಬ್‌ಸೈಟಿಗೆ ಹೆಸರು ಹುಡುಕುತ್ತಿದ್ದರು. ಎರಡನೇ ಸುತ್ತಿಗೆ ಕಂಪನಿ ಶುರುವಾಗಿ, ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಇಬ್ಬರೂ ಕೋಟ್ಯಧಿಪತಿಗಳಾಗಿ ತೀರ್ಥಕ್ಕೆ ಕೈ ಚಾಚಿದರು. ಅಂಥ ಊರಿನಲ್ಲಿ ಕಿವಿ ಮುಚ್ಚಿಕೊಂಡು ಓಡಾಡುವವನಿಗೆ ಅಡ್ಡಹೆಸರು ಬೀಳದೆ ಇರುತ್ತದೆಯೇ? ಯಾರೋ ಗುಟ್ಟಪ್ಪ ಎಂದು ಇಟ್ಟರು. ಎದುರಿಗೆ ಅಂಕಲ್, ಬೆನ್ನ ಹಿಂದೆ ಗುಟ್ಟಪ್ಪ. ಅವರಿಗೆ ಅದು ಗೊತ್ತಿತ್ತು. ಮಕ್ಕಳಿಲ್ಲದ ಮನುಷ್ಯ. "ಅಪ್ಪಾ ಅಂತಾದ್ರೂ ಕರದಾರಲ್ಲಾ, ಇರ್ಲಿ ಬಿಡ್ರಿ" ಎಂದು ನಗುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ವಯಸ್ಸಾಗಿತ್ತು, ಬಹಳ ನರಳಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಕಡಿಮೆ. ಅಲ್ಲಿ ಯಾರದೋ ಜೊತೆ ಬಂದಿದ್ದ ತರುಣನೊಬ್ಬ ನನ್ನನ್ನು ಮೆಲ್ಲಗೆ ಕೇಳಿದ: "ಅಂಕಲ್ ಏನ್ ಮಾಡ್ತಿದ್ರು ಆಂಟಿ? ಲಾಯರ್ರಾ?" ಅಲ್ಲ ಎಂದೆ. "ಸೈಂಟಿಸ್ಟಾ?" ಅದೂ ಅಲ್ಲ ಎಂದೆ. ಮುಂದೆ ಏನು ಹೇಳಬೇಕೆಂದು ತಿಳಿಯದೆ ತಡವರಿಸಿದೆ. ಅವರ ಜೊತೆ ಅಷ್ಟು ವರ್ಷ ಕೆಲಸ ಮಾಡಿದವಳು ನಾನು. ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದ ನಾನು ಗಂಡನ ಹಿಂದೆ ಇಲ್ಲಿಗೆ ಬಂದವಳು. ಗ್ರೀನ್ ಕಾರ್ಡು ಬಂದ ಮೇಲೆ ಒಂದು ಯೂನಿವರ್ಸಿಟಿಯ ಲೈಸೆನ್ಸಿಂಗ್ ಆಫೀಸಿನಲ್ಲಿ ಫೈಲು ಜೋಡಿಸುವ, ಫೋನು ಎತ್ತುವ ಕೆಲಸ ಸಿಕ್ಕಿತು. ಅವರು ಅಲ್ಲಿ ಹಿರಿಯ ಅಧಿಕಾರಿ. ನನಗಿಂತ ತುಂಬ ದೊಡ್ಡವರಾದರೂ ನನ್ನನ್ನು "ಅಕ್ಕಾರ" ಎಂದೇ ಕರೆದರು. ಅದು ಧಾರವಾಡದ ಮರ್ಯಾದೆ. ಸೇರಿ ಎಷ್ಟೋ ದಿನವಾದರೂ ಆ ಆಫೀಸು ಏನು ಮಾಡುತ್ತದೆ ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ. ನಾಚಿಕೆ ಬಿಟ್ಟು ಕೇಳಿದೆ.

"ನೋಡ್ರಿ ಅಕ್ಕಾರ, ಲ್ಯಾಬಿನಾಗ ಪ್ರೊಫೆಸರ್ ಹೊಸಾದೊಂದು ಕಂಡುಹಿಡೀತಾನ. ಅದು ಕನ್ಯಾ. ಅದನ್ನ ತಯಾರ್ ಮಾಡಿ ಮಾರೂ ತಾಕತ್ತಿದ್ದ ಕಂಪನಿ ಹೊರಗಿರ್ತದ. ಅದು ವರ. ಪ್ರೊಫೆಸರಗ ಪ್ಯಾಟಿ ಗೊತ್ತಿಲ್ಲ, ಕಂಪನಿಗೆ ಲ್ಯಾಬಿನ ಬಾಗಲಾ ಗೊತ್ತಿಲ್ಲ. ನಡುವ ಓಡಾಡಿ ಸಂಬಂಧ ಕುದರಸಾಂವ ನಾನು."

"ಮತ್ತೆ ಪೇಟೆಂಟು ಅಂದ್ರೆ?"

"ಕನ್ಯಾ ಯಾರ ಮನೀದು ಅಂತ ಮೊದಲ ಬರದಿಡಬೇಕಲ್ಲ, ಅದು."

ಆ ಮೇಲೆ ನನಗೆ ಎಲ್ಲ ಸಲೀಸಾಯಿತು. ಗಂಡಿನ ಕಡೆಯವರು ಫೋನು ಮಾಡಿದರೆ ಒಂದು ದನಿ, ಹೆಣ್ಣಿನ ಕಡೆಯವರಾದರೆ ಇನ್ನೊಂದು ದನಿ.

ಅವರ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಸದಾ ಒಂದು ಪೇಡಾ ಡಬ್ಬಿ ಇರುತ್ತಿತ್ತು. ಊರಿಂದ ಬಂದವರು ಯಾರಾದರೂ ತಂದುಕೊಡುತ್ತಿದ್ದರು. ಮೊದಲ ಸಲ ಆಫೀಸಿಗೆ ಬಂದ ಸಂಶೋಧಕರಿಗೆಲ್ಲ ಅದರಲ್ಲೇ ಪಾಠ. ಕನ್ನಡದವರಾದರೆ ಪಾಠಕ್ಕೆ ರುಚಿ ಹೆಚ್ಚು. "ಈ ಪೇಡಾದ ಹದಾ ಹೆಂಗ ತಗೀತಾರ ಅಂತ ಅಂಗಡಿಯಾಂವ ಯಾರಿಗೂ ಹೇಳೂದಿಲ್ಲ. ಅದು ಟ್ರೇಡ್ ಸೀಕ್ರೆಟ್. ಎಲ್ಲೀತನಕಾ ಬಾಯಿ ಮುಚ್ಕೊಂಡಿರ್ತಾನೋ ಅಲ್ಲೀತನಕಾ ಅವಂದು. ಡಬ್ಬಿ ಮ್ಯಾಲೆ ಹೆಸರದಲ್ಲಾ, ಅದು ಟ್ರೇಡ್‌ಮಾರ್ಕ್. ಒಳಗಿನ ಚೀಟಿಯೊಳಗ ಅಂಗಡಿ ಕಥೀ ಬರದಾನಲ್ಲಾ, ಅದು ಕಾಪಿರೈಟ್. ಇನ್ನ ಪೇಡಾ ಉಂಡಿ ಕಟ್ಟೂ ಹೊಸಾ ಮಶೀನ್ ಕಂಡುಹಿಡದಾ ಅಂತ ತಿಳೀರಿ, ಅದು ಪೇಟೆಂಟ್. ಅದರಾಗ ಮುಚ್ಚಿಡೂ ಹಂಗಿಲ್ಲ. ಸರ್ಕಾರದ ಮುಂದ ಎಲ್ಲಾ ಬಿಚ್ಚಿ ಹೇಳಬೇಕು. ಹೇಳಿದ್ದಕ್ಕ ಬದಲಿ, ಇಪ್ಪತ್ತು ವರ್ಷ ನಿನ್ನ ಕೇಳಲಾರದ ಯಾರೂ ಮಾಡೂ ಹಂಗಿಲ್ಲ." ಕೊನೆಗೆ ಬೆರಳೆತ್ತಿ ಒಂದು ಮಾತು: "ಮೊದಲ ಸರ್ಕಾರಕ್ಕ ಹೇಳು, ಆಮ್ಯಾಲ ಸಂತಿಗೆ ಹೇಳು. ಸಂತಿಗೆ ಮೊದಲ ಹೇಳಿದ್ಯೋ, ಅದು ಸಂತೀದ ಆತು."

ಈ ಪಾಠವನ್ನು ಅವರು ಬಿಳಿ ಪ್ರೊಫೆಸರುಗಳಿಗೂ ಇಂಗ್ಲಿಷಿನಲ್ಲಿ ಮಾಡುತ್ತಿದ್ದರು. ಒಬ್ಬಾತ ಮೂರು ಪೇಡಾ ತಿಂದು, ಮೊದಲನೆಯ ಭಾಗ ಇನ್ನೊಮ್ಮೆ ಹೇಳಿ ಎಂದಿದ್ದ.

ದಸರೆ ಬಂತೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ವಿಜಯದಶಮಿಯ ದಿನ ಪಾರ್ಕಿಂಗ್ ಲಾಟಿನ ಅಂಚಿನಲ್ಲಿದ್ದ ಸಣ್ಣೆಲೆಯ ಮರದಿಂದ ಒಂದು ಹಿಡಿ ಕಿತ್ತು ತಂದು, ಅದನ್ನೇ ಬನ್ನಿ ಎಂದು ಭಾವಿಸಿ, ಆಫೀಸಿನ ಒಬ್ಬೊಬ್ಬರ ಮೇಜಿಗೂ ಹೋಗಿ ಹಂಚುತ್ತಿದ್ದರು. ವರ್ಷವಿಡೀ ಆಡಿದ ಜಗಳವೆಲ್ಲ ಆ ಎಲೆ ಕೈ ಬದಲಾಯಿಸಿದರೆ ತೀರಿತು ಎಂದು ವಿವರಣೆ. ನನ್ನ ಕೈಗಿಟ್ಟು, "ಬನ್ನಿ ತೊಗೊಂಡು ಬಂಗಾರದ್ಹಂಗ ಇರೂಣು" ಎನ್ನುತ್ತಿದ್ದರು. ನಮ್ಮ ನಿರ್ದೇಶಕಿ ಆ ಎಲೆಗಳನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದುದನ್ನು ನಾನೇ ನೋಡಿದ್ದೇನೆ.

ಆದರೆ ಅದರ ಹಿಂದಿನ ದಿನದ ಆಯುಧಪೂಜೆಯೇ ಅವರಿಗೆ ದೊಡ್ಡದು. ಅದಕ್ಕೆ ಕಾರಣವಿತ್ತು. ಅವರ ಹೆಂಡತಿ ನಮ್ಮ ಮೈಸೂರಿನವರು. ಎಪ್ಪತ್ತರ ದಶಕದಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಪಟ್ಟದ ಗೊಂಬೆಗಳನ್ನು ಸುತ್ತಿಕೊಂಡು ಬಂದರಂತೆ. ವರ್ಷವರ್ಷವೂ ಒಂದೊಂದು ಗೊಂಬೆ ಸೇರಿಸಿ, ಹಾಲಿನ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತಿದ್ದರಂತೆ. ನಾನು ಕೆಲಸಕ್ಕೆ ಸೇರುವ ಮೊದಲೇ ಆಕೆ ಹೋಗಿಬಿಟ್ಟಿದ್ದರು. ಗೊಂಬೆಗಳು ಗರಾಜಿನಲ್ಲಿ ಡಬ್ಬ ಸೇರಿದ್ದವು. ಆಗ ನಮ್ಮ ಯೂನಿವರ್ಸಿಟಿಯ ಆಸ್ಪತ್ರೆ ಉಪಕರಣಗಳ ಲ್ಯಾಬಿಗೆ ಮಂಡ್ಯದ ಕಡೆಯ ಸವಿತಾ ಎಂಬ ಹುಡುಗಿ ಸಂಶೋಧನೆಗೆ ಬಂದಳು. ಪುಸ್ತಕದ ಶೆಲ್ಫಿನಲ್ಲಿ ಎರಡೇ ಗೊಂಬೆ ಇಟ್ಟು ದಸರೆ ಮಾಡುತ್ತೇನೆ ಎಂದು ಅವಳು ಮಾತಿಗೆ ಹೇಳಿದ್ದು ಇವರ ಕಿವಿಗೆ ಬಿತ್ತು. ಆ ಶನಿವಾರ ತಮ್ಮ ಹಳೇ ಕಾರಿನಲ್ಲಿ ಎಲ್ಲ ಡಬ್ಬ ತುಂಬಿಕೊಂಡು ಅವಳ ಅಪಾರ್ಟ್‌ಮೆಂಟಿಗೆ ಹೋಗಿ ಇಳಿಸಿ ಬಂದರು. "ಗೊಂಬಿ ಡಬ್ಬಿಯೊಳಗ ಕೂಡಬಾರದವಾ" ಎಂದಷ್ಟೇ ಹೇಳಿದರಂತೆ.

ಅಂದಿನಿಂದ ಪ್ರತಿ ಆಯುಧಪೂಜೆಯ ಸಂಜೆ ಅವರು ಸವಿತಾಳ ಮನೆಯಲ್ಲಿ. ಅರಿಶಿನ ಕುಂಕುಮಕ್ಕೆ ಗಂಡಸರಿಗೇನು ಕೆಲಸ ಎಂದು ನಾವೆಲ್ಲ ಕೀಟಲೆ ಮಾಡಿದರೆ, "ನಾ ಉಸಳಿ ತಿನ್ನಲಿಕ್ಕೆ ಬರ್ತೀನ್ರಿ" ಎನ್ನುತ್ತಿದ್ದರು. ಉಸಲಿ ಒಂದು ನೆಪ. ಒಳಗೆ ಬಂದವರೇ ಮೊದಲು ಮೇಲಿನ ಮೆಟ್ಟಿಲಿನ ರಾಜನ ಗೊಂಬೆಯ ಹತ್ತಿರ ಹೋಗಿ, ಅದರ ಪುಟ್ಟ ಪೇಟವನ್ನು ಒಂದು ಚೂರು ಸರಿಮಾಡುತ್ತಿದ್ದರು. ಸರಿಯಾಗಿಯೇ ಇದ್ದರೂ ಸರಿಮಾಡುತ್ತಿದ್ದರು. ಆ ಪೇಟ ಅವರ ಹೆಂಡತಿ ಹೊಲಿದದ್ದು ಎಂದು ಸವಿತಾ ನನಗೆ ಆಮೇಲೆ ಹೇಳಿದಳು.

ಇನ್ನು ಈ ಕ್ರಮ ತಪ್ಪಿದ ವರ್ಷದ ಮಾತು. ಸವಿತಾ ಒಂದು ಕ್ಲಿಪ್ಪು ಮಾಡಿದ್ದಳು. ಆಸ್ಪತ್ರೆಯಲ್ಲಿ ರೋಗಿಗೆ ಡ್ರಿಪ್ ಹಾಕುತ್ತಾರಲ್ಲ, ಆ ನಳಿಕೆಗೆ ಸಿಕ್ಕಿಸುವಂಥದ್ದು. ನಳಿಕೆಯಲ್ಲಿ ಗಾಳಿಗುಳ್ಳೆ ಬಂದರೆ ಮುಂದೆ ಹೋಗಲು ಬಿಡದೆ ಹಿಡಿದುಬಿಡುತ್ತಿತ್ತು. ಬ್ಯಾಟರಿ ಬೇಡ, ವೈರು ಬೇಡ. ಹೆಬ್ಬೆರಳಷ್ಟು ದೊಡ್ಡದು, ಗಾಜಿನಂತೆ ಆಚೆ ಕಾಣುವ ಪ್ಲಾಸ್ಟಿಕ್ಕು. ಒಳಗಿನ ಕಮಾನು, ಕೋಣೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಅವಳು ನಮ್ಮ ಆಫೀಸಿಗೆ ಅರ್ಜಿ ಕೊಟ್ಟಿದ್ದಳು. ಪೇಟೆಂಟಿನ ಕಾಗದಗಳನ್ನು ವಕೀಲರು ಸಿದ್ಧಮಾಡುತ್ತಿದ್ದರು. ಫೈಲ್ ಆಗಲು ಇನ್ನು ಕೆಲವೇ ದಿನ. ಯಾರಿಗೂ ತೋರಿಸಬೇಡ ಎಂದು ಇವರು ಫೋನಿನಲ್ಲಿ ಹೇಳಿದ್ದನ್ನು ನಾನೂ ಕೇಳಿದ್ದೆ.

ಆಯುಧಪೂಜೆಯ ಸಂಜೆ ನಾನು ಹೋದಾಗ ಮನೆ ಗಿಜಿಗುಟ್ಟುತ್ತಿತ್ತು. ಸವಿತಾಳ ಗಂಡ ರಘು ಬೇ ಏರಿಯಾದ ಕನ್ನಡಿಗರ ಇಮೇಲ್ ಬಳಗಕ್ಕೆಲ್ಲ "ಎಲ್ಲರೂ ಬನ್ನಿ" ಎಂದು ಬರೆದಿದ್ದ. ಗುರುತಿಲ್ಲದವರೂ ಬಂದು ಶೂ ಬಿಚ್ಚುತ್ತಿದ್ದರು. ಗೊಂಬೆಗಳ ಕೆಳಗೆ, ದೇವಿಯ ಪಟದ ಮುಂದೆ, ಆಯುಧಗಳು: ಕಾರಿನ ಬೀಗದಕೈ, ರಘುವಿನ ಲ್ಯಾಪ್‌ಟಾಪು, ಈಳಿಗೆಮಣೆ, ಮಗಳ ಬಣ್ಣದ ಕಡ್ಡಿಗಳು. ಎಲ್ಲದರ ನಡುವೆ ಬೆಳ್ಳಿ ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನೆತ್ತಿಗೆ ಸೇವಂತಿಗೆ ಏರಿಸಿಕೊಂಡು ಆ ಕ್ಲಿಪ್ಪು! ಮಂಡ್ಯದಿಂದ ಬಂದಿದ್ದ ಅತ್ತೆ, "ನಿನ್ನ ಆಯ್ದ ಎಲ್ಲವ್ವಾ?" ಎಂದು ಕೇಳಿದರಂತೆ. ಸವಿತಾ ಲ್ಯಾಬಿನಿಂದ ತಂದಿಟ್ಟಳು. ಅಷ್ಟೇ ಆಗಿದ್ದರೆ ಹೇಗೋ. ಬಂದವರೆಲ್ಲ ಇದೇನು ಇದೇನು ಎಂದು ಕೇಳಿದರು. ಅವಳಿಗೂ ಹಿಗ್ಗು. ಒಬ್ಬೊಬ್ಬರಿಗೂ ಕೈಯಲ್ಲಿ ಹಿಡಿದು, ಗುಳ್ಳೆ ಎಲ್ಲಿ ಬರುತ್ತದೆ, ಕಮಾನು ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದಳು.

ಅವರು ಬಂದರು. ರಾಜನ ಪೇಟ ಸರಿಮಾಡಿದರು. ಕೈಮುಗಿದು ಬಗ್ಗಿದವರು ಬಗ್ಗಿದಂತೆಯೇ ನಿಂತರು.

"ಏನವಾ ಇದು?"

"ಕ್ಲಿಪ್ಪು ಅಂಕಲ್. ನಿಮಗೆ ಗೊತ್ತಲ್ಲ!"

"ಎಷ್ಟ ಮಂದಿ ನೋಡಿದ್ರು?"

"ಎಲ್ಲಾರೂ ನೋಡಿದ್ರು. ತುಂಬಾ ಇಷ್ಟ ಆಯ್ತು ಎಲ್ಲಾರ್ಗೂ." ಅವರ ಮುಖ ನೋಡಿ ಅವಳ ದನಿ ಇಳಿಯಿತು. "ನೀವು ಯಾರ್ಗೂ ತೋರಿಸ್ಬೇಡ ಅಂದಿದ್ದು ಕಂಪನಿಯವ್ರಿಗೆ ಅಂದ್ಕೊಂಡೆ. ದೇವ್ರಿಗೂ ತೋರಿಸ್ಬಾರ್ದು ಅಂತ ಗೊತ್ತಿರ್ಲಿಲ್ಲ ಅಂಕಲ್."

"ದೇವರಿಗೆ ತೋರಸವಾ. ದೇವರು ಯಾರ ಮುಂದೂ ಹೇಳೂದಿಲ್ಲ." ಅವರು ನಗಲು ನೋಡಿದರು, ಆಗಲಿಲ್ಲ. ಉಸಲಿ ಮುಟ್ಟದೆ ಹೊರಟುಹೋದರು. ಮರುದಿನ ಬೆಳಿಗ್ಗೆ ಬನ್ನಿ ಹಂಚಲಿಲ್ಲ. ವಕೀಲರ ಬೆನ್ನುಹತ್ತಿ ಕೂತರು. ಆ ವಾರವೇ ಫೈಲ್ ಆಯಿತು.

ಫೈಲ್ ಆಯಿತಲ್ಲ, ಮತ್ತೇನು ಎಂದು ನಾನು ಕೇಳಿದೆ. ಆಗ ತಿಳಿದದ್ದು: ಅಮೆರಿಕದ ಕಾನೂನು ಸ್ವಲ್ಪ ಉದಾರಿ. ತೋರಿಸಿದ ಮೇಲೂ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಯುರೋಪಿನ ಕಾನೂನು ಹಾಗಲ್ಲ. ಫೈಲಿಗೆ ಒಂದು ದಿನ ಮೊದಲು ಹೊರಗಿನವರ ಕಣ್ಣಿಗೆ ಬಿದ್ದರೂ ಅಲ್ಲಿ ಹಕ್ಕು ಹೋಯಿತು.

ಅದಕ್ಕೆ ತಕ್ಕಂತೆ, ಕ್ಲಿಪ್ಪಿಗೆ ಬಂದ ಮೊದಲ ವರ ಯುರೋಪಿನದೇ. ಆಸ್ಪತ್ರೆ ಸಾಮಾನು ಮಾಡುವ ದೊಡ್ಡ ಕಂಪನಿ. ಸವಿತಾ ಕುಣಿದಾಡಿದಳು. ಲ್ಯಾಬಿನಲ್ಲಿ ಅವಳ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು. ಈ ಸಂಬಂಧ ಕುದುರಿದರೆ ಕ್ಲಿಪ್ಪನ್ನು ಮುಂದುವರಿಸಲು ಅವಳೇ ಇರಬೇಕೆಂದು ಪ್ರೊಫೆಸರು ಮಾತು ಕೊಟ್ಟಿದ್ದರು. ಕುದುರದಿದ್ದರೆ ಕೆಲಸದ ಜೊತೆ ವೀಸಾವೂ ಹೋಗಿ ಅವಳು ಊರಿಗೆ ಗಂಟು ಕಟ್ಟಬೇಕಾಗಬಹುದು. ಕಂಪನಿಯವರು ಎಲ್ಲ ಕೇಳಿದರು, ಒಪ್ಪಿದರು, ಕೊನೆಗೆ ಒಂದು ಪ್ರಶ್ನೆ ಇಟ್ಟರು: ಫೈಲ್ ಮಾಡುವ ಮೊದಲು ಇದನ್ನು ಹೊರಗಿನವರಿಗೆ ತೋರಿಸಿದ್ದೀರಾ?

ಸವಿತಾ ಇಲ್ಲ ಎಂದು ಬರೆದು ತಂದಳು. ಜೊತೆಗೆ ರಘುವೂ ಬಂದಿದ್ದ. ನನ್ನ ಮೇಜು ಅವರ ಕೋಣೆಯ ಬಾಗಿಲಲ್ಲೇ. ಎಲ್ಲ ಕೇಳಿಸಿತು.

"ಇದನ್ನ ಹಿಂಗ ಕಳಸೂ ಹಂಗಿಲ್ಲವಾ."

"ಅಂಕಲ್, ಅದು ನಮ್ಮನೆ. ಬಂದೋರೆಲ್ಲಾ ನಮ್ಮೋರು."

"ಹೌದು, ನಮ್ಮವ್ರು. ಆದ್ರ ಈ ಕಾನೂನಿನ್ಯಾಗ ನಮ್ಮವ್ರು ಅಂತ ಒಂದು ಜಾತಿ ಇಲ್ಲ ತಂಗಿ. ಗುಟ್ಟು ಕಾಯ್ತೀನಿ ಅಂತ ಮಾತು ಕೊಟ್ಟವ್ರು, ಕೊಡಲಾರದವ್ರು. ಎರಡ ಜಾತಿ."

ರಘುವಿಗೆ ತಾಳ್ಮೆ ತಪ್ಪಿತು. "ಸರ್, ಪೂಜೆಗೆ ಬಂದ ಹೆಂಗಸ್ರು ಯುರೋಪಿಗೆ ಹೋಗಿ ಸಾಕ್ಷಿ ಹೇಳ್ತಾರಾ? ನೀವೊಬ್ರು ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ."

"ನನಗ ಗೊತ್ತಾಗೇದಲ್ಲಾ" ಎಂದರು ಅವರು. "ನಾ ಅಲ್ಲೇ ನಿಂತಿದ್ದೆ. ನನ್ನ ಹೆಂಡ್ತಿ ಗೊಂಬಿ ಮುಂದ."

ಸವಿತಾ ಅಳುತ್ತಿದ್ದಳು. ಅವರು ಡ್ರಾಯರು ಎಳೆದು ಪೇಡಾ ಡಬ್ಬಿ ತೆಗೆದು ಅವಳ ಮುಂದಿಟ್ಟರು. ಸಮಾಧಾನ ಮಾಡಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ ಇರಬೇಕು. ರಘು ಅದನ್ನು ಪಕ್ಕಕ್ಕೆ ತಳ್ಳಿ, ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟ.

ಸವಿತಾ ಕೊನೆಗೆ ಹೌದು ಎಂದೇ ಬರೆದುಕೊಟ್ಟಳು. ಆಯುಧಪೂಜೆಯೆಂದರೇನು ಎಂದು ನಮ್ಮ ಅಮೆರಿಕನ್ ವಕೀಲರಿಗೆ ಇವರು ವಿವರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಕೀಲರು ಗಂಭೀರವಾಗಿ ಕೇಳಿದರು: ಬಂದವರಲ್ಲಿ ಯಾರಾದರೂ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಮಾಡಿದ್ದರೇ? ಇವರೂ ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು: ಇಲ್ಲ, ಬಂದವರಿಗೆಲ್ಲ ಅರಿಶಿನ, ಕುಂಕುಮ, ಒಂದು ರವಿಕೆ ಕಣ ಕೊಟ್ಟರು, ಸಹಿ ಯಾರೂ ಕೇಳಲಿಲ್ಲ. ವಕೀಲರು ಅದನ್ನು ಹಾಗೆಯೇ ಬರೆದುಕೊಂಡರು. ವಾದ ಮಾಡಿದರೆ ಮಾಡಬಹುದು, ಗೆಲ್ಲುವ ಭರವಸೆಯಿಲ್ಲ ಎಂದರು. ಯುರೋಪಿನ ಕಂಪನಿ ವಾದದ ತನಕ ಕಾಯಲಿಲ್ಲ. ನಯವಾಗಿ ಕೈತೊಳೆದುಕೊಂಡಿತು.

ನಮ್ಮ ಜನರ ಬಾಯಿಗೆ ಬೀಗವೆಲ್ಲಿ? ಅಂಕಲ್ ಅಂದದ್ದೆಲ್ಲ ಹೋಗಿ ಏಕವಚನಕ್ಕೆ ಬಂತು. "ಕರೆದು ಕುಂಕುಮ ಕೊಟ್ಟೋರ ಮೇಲೇ ಸಾಕ್ಷಿ ಹೇಳಿದ ಗುಟ್ಟಪ್ಪ." "ಅವನಿಗೇನು, ಮಕ್ಕಳಾ ಮರಿಯಾ." ಈ ಎರಡನೆಯ ಮಾತು ನನ್ನ ಎದುರಿಗೇ ಆಡಿದವರು ಇದ್ದರು. ನನಗೆ ಮೈ ಉರಿದುಹೋಯಿತು. ಅವರ ಮನೆಯ ಬಿಸಿಬೇಳೆಬಾತನ್ನು ಅಲ್ಲೇ ಇಟ್ಟು ಎದ್ದು ಬಂದೆ. ಗುಟ್ಟಪ್ಪನವರನ್ನು ಕರೆಯುವುದು ಒಂದೊಂದೇ ಮನೆಯಲ್ಲಿ ನಿಂತಿತು. ಅವರು ಯಾರನ್ನೂ ದೂರಲಿಲ್ಲ. "ಮಂದಿ ಸಿಟ್ಟು ಬರೋಬ್ಬರಿ ಅದ್ರಿ. ಹುಡುಗಿ ಸಂಸಾರ ನಿಂತಿತ್ತು ಅದರ ಮ್ಯಾಲೆ" ಎನ್ನುತ್ತಿದ್ದರು. ತಾನು ಫೈಲು ಇನ್ನೂ ಬೇಗ ಓಡಿಸಬೇಕಿತ್ತು ಎಂಬ ಕೊರಗೂ ಅವರಿಗಿತ್ತು.

ಆ ವರ್ಷವೆಲ್ಲ ಅವರು ಆ ಕ್ಲಿಪ್ಪಿಗೆ ವರ ಹುಡುಕಿದಂತೆ ಹೆತ್ತಪ್ಪನೂ ಹುಡುಕಿರಲಾರ. ಕ್ಲಿಪ್ಪು ಕೇಳುವವರಾರು? ಎಲ್ಲರ ಕಣ್ಣೂ ವೆಬ್‌ಸೈಟುಗಳ ಮೇಲೆ. ಕೈಯಲ್ಲಿ ಹಿಡಿಯುವ ಸಾಮಾನು ಎಂದರೆ ಮೂಗು ಮುರಿಯುವ ಕಾಲ. ಫ್ರೀವೇ ಹಿಡಿದು ಊರೂರು ಅಲೆದರು. ಅವಳ ಪ್ರೊಫೆಸರನ್ನು ಹಿಡಿದು, ಅವಳ ಅವಧಿಯನ್ನು ಹೇಗೋ ತಿಂಗಳು ತಿಂಗಳಾಗಿ ತಳ್ಳಿಸಿದರು. ಇದು ಯಾವುದೂ ಸವಿತಾಳಿಗೆ ತಿಳಿಯಕೂಡದೆಂದು ನನಗೆ ತಾಕೀತು.

ಮತ್ತೆ ದಸರೆ ಬಂತು. ಅವರಿಗೆ ಕರೆ ಬರಲಿಲ್ಲ. ಆಯುಧಪೂಜೆಯ ಸಂಜೆ ಆಫೀಸಿನಲ್ಲೇ ಕೂತಿದ್ದರು. ನಾನೂ ಹೋಗಲಿಲ್ಲ. ಮರುದಿನ ಬನ್ನಿ ಹಿಡಿದುಕೊಂಡು ತಾವಾಗಿಯೇ ಸವಿತಾಳ ಮನೆಗೆ ಹೋದರು. ಬಾಗಿಲು ತೆರೆದದ್ದು ರಘು. ಎಲೆ ಇಸಿದುಕೊಂಡ, ಒಳಗೆ ಬನ್ನಿ ಎನ್ನಲಿಲ್ಲ. ಇವರು ತಿರುಗಿ ಬಂದರು. ಇದನ್ನೆಲ್ಲ ನಾನು ಕೆದಕಿ ಕೆದಕಿ ಕೇಳಿ ತಿಳಿದದ್ದು. ಅವರಾಗಿ ಹೇಳಿದ್ದು ಒಂದೇ: "ಬಾಗಲದಾಗ ನಿಂತ್ರ ಗೊಂಬಿ ಕಾಣಸೂದಿಲ್ರಿ ಅಕ್ಕಾರ. ಅಲ್ಲೊಂದು ಗ್ವಾಡಿ ಅಡ್ಡ ಬರ್ತದ."

ನಾನು ಮುಖ ತಿರುಗಿಸಿ ಫೈಲು ನೋಡಿದೆ. ಅಳು ಬಂದಿತ್ತು.

ಸಂಬಂಧ ಕುದುರಿದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಬೆರ್ರಿಯೆಸಾದಲ್ಲಿ ಒಬ್ಬ ವಯಸ್ಸಾದ ಅಮೆರಿಕನ್ ಸಣ್ಣ ಕಾರ್ಖಾನೆ ನಡೆಸುತ್ತಿದ್ದ. ಆಸ್ಪತ್ರೆಗಳಿಗೆ ನಳಿಕೆ, ಮುಚ್ಚಳ ಮಾಡಿಕೊಡುವವನು. ಅವನಿಗೆ ಯುರೋಪು ಬೇಕಿರಲಿಲ್ಲ, ಇಲ್ಲಿಯ ಹಕ್ಕು ಸಾಕಿತ್ತು. ಫೈಲನ್ನು ಮೊದಲಿಂದ ಕೊನೆಯ ತನಕ ಓದಿದ. ಅರಿಶಿನ, ಕುಂಕುಮ, ರವಿಕೆ ಕಣದ ಪುಟ ಬಂದಾಗ ನಿಲ್ಲಿಸಿ ಇನ್ನೊಮ್ಮೆ ಓದಿದ. ಇಷ್ಟನ್ನೂ ಬರೆದಿಟ್ಟವರು ಬೇರೇನನ್ನು ಮುಚ್ಚಿಟ್ಟಿರುತ್ತಾರೆ ಎಂದು ನಕ್ಕು ಕೈಕುಲುಕಿದ. ದೊಡ್ಡ ಸಂಬಂಧವಲ್ಲ, ಆದರೆ ಗಟ್ಟಿ ಮನೆತನ. ಅದೇ ಹೊತ್ತಿಗೆ ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಮುಳುಗಿದವು. ರಘುವಿನ ಕಂಪನಿಯೂ ಮುಚ್ಚಿತು. ಆ ಮನೆ ನಿಂತದ್ದು ಸವಿತಾಳ ಕ್ಲಿಪ್ಪಿನ ಮೇಲೆ.

ಸಹಿಯ ದಿನ ಸವಿತಾ ಆಫೀಸಿಗೆ ಬಂದಾಗ ನಾನು ಅವರ ತಾಕೀತು ಮುರಿದೆ. ಆ ಗುಟ್ಟು ಕಾಯುವ ಒಪ್ಪಂದಕ್ಕೆ ನಾನೇನೂ ಸಹಿ ಮಾಡಿರಲಿಲ್ಲ. ವರ್ಷವಿಡೀ ಯಾರು ಯಾರ ಬಾಗಿಲು ತಟ್ಟಿದರು, ಅವಳ ಅವಧಿ ಹೇಗೆ ಮುಂದೆ ಹೋಯಿತು ಎಲ್ಲ ಹೇಳಿದೆ.

ಮುಂದಿನ ದಸರೆಗೆ ಅವಳೇ ಕುಂಕುಮದ ಬಟ್ಟಲು ಹಿಡಿದು ಆಫೀಸಿಗೆ ಬಂದಳು. ನನಗೆ ಹಚ್ಚಿ, ಅವರ ಕೋಣೆಗೆ ಹೋಗಿ, "ಅಂಕಲ್, ಆಯುಧಪೂಜೆಗೆ ಬರ್ಬೇಕು. ನೀವು ಬರೋವರ್ಗೂ ಮಂಗಳಾರತಿ ಎತ್ತಲ್ಲ ಅಂತ ಅತ್ತೆ ಹೇಳಿದಾರೆ" ಎಂದಳು.

ಅವರು ನನ್ನ ಕಾರಿನಲ್ಲೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಗಿಲ ತನಕ ಬಂದವರು ಹೊಸ್ತಿಲ ಹೊರಗೇ ನಿಂತುಬಿಟ್ಟರು. ಕಣ್ಣು ಮುಚ್ಚಿದ್ದರು.

"ಹೊಸಾದೇನರ ಇಟ್ಟೀಯೇನವಾ ಒಳಗ? ಇಟ್ಟಿದ್ರ ನಾ ಇಲ್ಲೇ ನಿಂದರತೀನಿ. ಪ್ರಸಾದ ಹೊರಗ ಕೊಡು."

"ಇಟ್ಟಿದ್ದೀನಿ ಅಂಕಲ್, ಹೊಸ್ದೇ. ಆದ್ರೆ ಮುಚ್ಚಿಟ್ಟಿದ್ದೀನಿ. ಕಣ್ಣು ಬಿಡಿ."

ರಘು ಬಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ದೇವಿಯ ಪಟದ ಮುಂದೆ ಅದೇ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಏನೋ ಇತ್ತು, ಅದರ ಮೇಲೆ ಹಸಿರು ರವಿಕೆ ಕಣ ಹೊದಿಸಿತ್ತು. ಅರಿಶಿನ ಕುಂಕುಮ ಹೂವು ಎಲ್ಲ ಬಟ್ಟೆಯ ಮೇಲೆ. ಬಂದ ಹೆಂಗಸರಲ್ಲಿ ಯಾರೋ ಇದೆಂಥ ಪೂಜೆ ಎಂದು ಮೂಗು ಮುರಿದರು. ಸವಿತಾಳ ಅತ್ತೆ ಅವರ ಬಾಯಿ ಮುಚ್ಚಿಸಿದರು: "ಯಾಕ್ರವ್ವಾ? ದೇವಿಗೆ ಬಟ್ಟೆ ಅಡ್ಡ ಬತ್ತದಾ? ಅವ್ಳಿಗೆ ಕಾಣ್ತದೆ. ನಮಗೆ ಕಾಣೋದು ಬ್ಯಾಡ ಅಷ್ಟೆ."

ಅವರು ತಟ್ಟೆಯ ಕಡೆ ನೋಡಲೇ ಇಲ್ಲ. ಮೇಲಿನ ಮೆಟ್ಟಿಲಿನ ರಾಜನ ಹತ್ತಿರ ಹೋದರು. ಎರಡು ವರ್ಷದ ಮೇಲೆ. ಪೇಟ ಸರಿಯಾಗಿಯೇ ಇತ್ತು. ಸರಿಮಾಡಿದರು. ಆಮೇಲೆ ಕೂತು ಉಸಲಿ ಎರಡು ಸಲ ಹಾಕಿಸಿಕೊಂಡರು.

ಅವರ ಗುಣಗಾನ ಮಾಡಲು ಇದನ್ನು ಬರೆಯುತ್ತಿಲ್ಲ. ಅವರೊಂದಿಗೆ ಏಗುವುದು ಸುಲಭವಿರಲಿಲ್ಲ. ನನ್ನ ಮಗ ಶಾಲೆಯ ವಿಜ್ಞಾನ ಮೇಳಕ್ಕೆ ಮಾಡಿದ ನೀರಿನ ಗಡಿಯಾರವನ್ನು ಕೂಡ ಅವರು ಕಣ್ಣೆತ್ತಿ ನೋಡಲಿಲ್ಲ. ಅವನು ಒಂದು ದಿನವೆಲ್ಲ ಮುನಿಸಿಕೊಂಡಿದ್ದ. ಆದರೆ ತನಗೆ ಒಂದೇ ಒಂದು ಸುಖದ ಜಾಗ ಉಳಿದಿರುವಾಗ, ಅದರ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿದ್ದೂ ನಿಜ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದನ್ನೇ ಆ ಅಂತ್ಯಕ್ರಿಯೆಯ ತರುಣನಿಗೆ ಹೇಳಬೇಕಿತ್ತು.

ಅವರು ಹೋದ ಮೇಲಿನ ಮೊದಲ ದಸರೆ ಈಗಷ್ಟೇ ಮುಗಿದಿದೆ. ಈ ಸಲ ನಮ್ಮ ಬೀದಿಗೆ ಹೊಸದಾಗಿ ಬಂದ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಬೆಂಗಳೂರಿನ ಎಳೆಯ ದಂಪತಿ. ಗಂಡನದು ಯಾವುದೋ ಸ್ಟಾರ್ಟಪ್ಪು. ಗೊಂಬೆಗಳ ಮುಂದೆ ಆಯುಧಗಳಿದ್ದವು. ನಡುವೆ ಒಂದು ತಟ್ಟೆಯಲ್ಲಿ ಏನೋ ಇತ್ತು, ಮೇಲೆ ಕೆಂಪು ರವಿಕೆ ಕಣ. ಕುಂಕುಮ ಬಟ್ಟೆಯ ಮೇಲೆ.

ಅವರ ಪುಟ್ಟ ಮಗಳು ಬಂದು ಅಂಚು ಎತ್ತಲು ಹೋದಳು. ತಾಯಿ ಕೈಗೆ ಮೆಲ್ಲಗೆ ಹೊಡೆದಳು. "ಬಟ್ ವೈ, ಅಮ್ಮಾ?" ಎಂದಿತು ಮಗು. ನನಗೂ ಅದೇ ಕೇಳಬೇಕಿತ್ತು. ಕೇಳಿದೆ.

"ಹೊಸ ಆಯುಧನ ಮುಚ್ಚಿಟ್ಟೇ ಪೂಜೆ ಮಾಡ್ಬೇಕಂತೆ ಆಂಟಿ. ಇಲ್ಲಿ ಎಲ್ಲಾರ ಮನೇಲೂ ಹಂಗೇ ಮಾಡ್ತಾರಲ್ವಾ? ಮೈಸೂರ್ ಕಡೆ ತುಂಬಾ ಹಳೇ ಪದ್ಧತಿಯಂತೆ. ಅರಮನೆ ಕಾಲದ್ದು."

ಮೈಸೂರಿನವಳು ನಾನು, ಇತಿಹಾಸ ಓದಿದವಳು ಬೇರೆ. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಹೌದಮ್ಮ" ಎಂದೆ, "ಹಳೇ ಪದ್ಧತಿ."

ಕೈಮುಗಿದೆ. ಹೊರಡುವ ಮುಂಚೆ ಮೇಲಿನ ಮೆಟ್ಟಿಲಿಗೆ ಕೈ ಚಾಚಿ, ರಾಜನ ಗೊಂಬೆಯ ಪೇಟವನ್ನು ಒಂದು ಚೂರು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.